‘ಇದು ಭೂಮಿ ಸಾಮಾನಲ್ಲ ಸಾರ್’: ಅನ್ಯಲೋಕದ್ದು ಎನ್ನುವ ವಸ್ತುವನ್ನು ಬೆಂಗಳೂರಿನಲ್ಲೇ ಪರೀಕ್ಷಿಸುವುದು ಹೇಗೆ?

ಅಂದ್ರಹಳ್ಳಿ ಕಡೆಯ ಯಜಮಾನರೊಬ್ಬರು ಹಳೇ ಟವೆಲಿನಲ್ಲಿ ಸುತ್ತಿ ತಂದಿದ್ದ ಗಟ್ಟಿ ಅದು. ಮುಷ್ಟಿಗಿಂತ ಚಿಕ್ಕದು, ಬೆಳ್ಳಿಯಂಥ ಹೊಳಪು, ಒಡೆದ ಕಡೆಯೆಲ್ಲ ಕನ್ನಡಿ ಚೂರಿನಂಥ ಮುಖಗಳು. ನೋಡಿದರೆ ಲೋಹ, ಎತ್ತಿದರೆ ಹಗುರ. “ಇದು ಭೂಮಿ ಸಾಮಾನಲ್ಲ ಸಾರ್” ಅಂದರು. ರಾತ್ರಿ ಒಂಬತ್ತರ ಸುಮಾರಿಗೆ ಆಕಾಶದಲ್ಲಿ ಹಸಿರು ಬೆಳಕು ಹರಿದುಹೋಗಿದ್ದನ್ನು ಮನೆಮಂದಿಯೆಲ್ಲ ನೋಡಿದ್ದರಂತೆ. ಬೆಳಿಗ್ಗೆ ಪಕ್ಕದ ಖಾಲಿ ಸೈಟಿನಲ್ಲಿ ಇದು ಸಿಕ್ಕಿತಂತೆ. ಮೂರು ತಿಂಗಳಿಂದ ದೇವರ ಮನೆಯಲ್ಲಿ, ಕಲಶದ ಪಕ್ಕ ಇಟ್ಟಿದ್ದರು. ಮಳೆಗಾಲದಲ್ಲಿ ಅದರಿಂದ ಒಂಥರಾ ವಾಸನೆ ಬರುತ್ತದೆ ಎಂದೂ ಹೇಳಿದರು.

ನಾನು ಪೀಣ್ಯದ ಲೋಹ ಪರೀಕ್ಷಾ ಲ್ಯಾಬೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಇಂಥ ಗಟ್ಟಿಗಳನ್ನು ಹಿಡಿದು ಬರುವವರು ಸುಳ್ಳುಗಾರರಲ್ಲ. ಬಹುಪಾಲು ಮಂದಿ ತಾವು ಕಂಡದ್ದನ್ನು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರಿಗೆ ಬೇಕಾದದ್ದು ‘ಹೋಗ್ರೀ, ಇದು ಕಿಟ್ಟ’ (ಲೋಹ ಕರಗಿಸಿದಾಗ ಉಳಿಯುವ ಕಸ) ಎನ್ನುವ ಉಡಾಫೆಯ ಮಾತಲ್ಲ. ತಮ್ಮ ಕಣ್ಣೆದುರೇ ಒಂದೊಂದಾಗಿ ಪರೀಕ್ಷೆ ಮಾಡಿ ತೋರಿಸುವವರು ಬೇಕು. ಆ ಗಟ್ಟಿಯ ಜೊತೆ ನಾವಿಬ್ಬರೂ ನಡೆದ ದಾರಿಯನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಕೈಗೆ ಬರುವ ವಸ್ತು ಬೇರೆ ಇರಬಹುದು, ಕ್ರಮ ಇದೇ.

ಹೆಜ್ಜೆ 1: ಮುಟ್ಟುವ ಮೊದಲು

ಆಕಾಶದಿಂದ ನಿಜವಾಗಿಯೂ ಏನಾದರೂ ಬಿದ್ದಿದ್ದರೆ ಅದು ರಾಕೆಟ್ಟಿನ ಇಂಧನ ಟ್ಯಾಂಕ್ ಆಗಿರುವ ಸಾಧ್ಯತೆ ಇದೆ. ಅಂಥ ಟೈಟಾನಿಯಂ ಗೋಳಗಳಲ್ಲಿ ಹೈಡ್ರಜೀನ್ ಉಳಿದಿರಬಹುದು. ಅದು ಘೋರ ವಿಷ, ಅಮೋನಿಯಾ ಅಥವಾ ಮೀನಿನಂಥ ವಾಸನೆ. ನೆಲದಲ್ಲಿ ಸಿಕ್ಕಿದ್ದಾದರೆ ಹಳೆಯ ಮದ್ದುಗುಂಡು ಇರಬಹುದು, ವಿಕಿರಣ ಸೂಸುವ ಮೂಲವೂ ಇರಬಹುದು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಬಂದ ಹಳೇ ಯಂತ್ರವೊಂದರಲ್ಲಿ ಕೋಬಾಲ್ಟ್-60 ಇತ್ತು, ಒಬ್ಬರು ಸತ್ತರು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಪುಡಿಯನ್ನು ಜನ ಸೋಜಿಗದಿಂದ ಮನೆಗೆ ಒಯ್ದರು. ಅದು ಸೀಸಿಯಂ-137, ನಾಲ್ವರು ತೀರಿಕೊಂಡರು. ಗೋಳ, ಸಿಲಿಂಡರ್, ವೈರು, ಬರಹ, ವಾಸನೆ, ತಾನಾಗಿ ಹೊಳೆಯುವ ಅಥವಾ ಬಿಸಿಯಾಗಿರುವ ವಸ್ತು ಕಂಡರೆ ದೂರ ನಿಂತು ಫೋಟೋ ತೆಗೆದು 112ಕ್ಕೆ ಫೋನ್ ಮಾಡಿ.

ಯಜಮಾನರ ಗಟ್ಟಿಯನ್ನು ಮೂಸಿ ನೋಡಬೇಡಿ ಎಂದು ಹೇಳುವ ಹೊತ್ತಿಗೆ ಅವರು ಮೂರು ತಿಂಗಳು ಅದರ ಜೊತೆ ಕಳೆದಾಗಿತ್ತು. “ಯಾವ ಥರದ ವಾಸನೆ?” ಎಂದು ಕೇಳಿದೆ. “ಬೆಳ್ಳುಳ್ಳಿ ಜಜ್ಜಿದ ಹಾಗೆ” ಅಂದರು ಅವರ ಮನೆಯವರು. ಅಷ್ಟಕ್ಕೇ ನನಗೊಂದು ಅನುಮಾನ ಹುಟ್ಟಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಗಟ್ಟಿಯನ್ನು ಅವತ್ತೇ ದೇವರ ಮನೆಯಿಂದ ತೆಗೆದು, ಒಣಗಿದ ಡಬ್ಬಿಯಲ್ಲಿ, ಗಾಳಿಯಾಡುವ ಹೊರಗಿನ ಶೆಡ್ಡಿನಲ್ಲಿ ಇಡಿ ಎಂದೆ. ಕಾರಣ ಮುಂದೆ ಬರುತ್ತದೆ.

ಹೆಜ್ಜೆ 2: ಕಥೆಯನ್ನೂ ವಸ್ತುವನ್ನೂ ಬೇರೆ ಮಾಡಿ

ತನಿಖೆ ಕೆಡುವುದು ಹೆಚ್ಚಾಗಿ ಇಲ್ಲಿಯೇ. ‘ಆಕಾಶದಿಂದ ಬಿದ್ದ ಗಟ್ಟಿ’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ: ರಾತ್ರಿ ಬೆಳಕು ಕಂಡಿತು, ಬೆಳಿಗ್ಗೆ ಗಟ್ಟಿ ಸಿಕ್ಕಿತು, ಆ ಬೆಳಕಿಗೂ ಈ ಗಟ್ಟಿಗೂ ಸಂಬಂಧವಿದೆ. ಮೊದಲ ಎರಡನ್ನು ಕಣ್ಣಾರೆ ಕಂಡವರಿದ್ದಾರೆ. ಮೂರನೆಯದನ್ನು ಯಾರೂ ಕಂಡಿಲ್ಲ, ಅದು ರಾತ್ರಿ ಬೆಳಗಾಗುವಷ್ಟರಲ್ಲಿ ಮನಸ್ಸು ಹಾಕಿದ ಗಂಟು. ಒಂದು ನೋಟ್‌ಬುಕ್ಕಿನಲ್ಲಿ ಮೂರಕ್ಕೂ ಮೂರು ಪುಟ ಬಿಡಿ.

ಮನೆಮಂದಿಯನ್ನು ಒಟ್ಟಿಗೆ ಕೂರಿಸಿಕೊಂಡು ಕೇಳಬೇಡಿ. ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರ ನೆನಪು ತಾನಾಗಿ ಹೊಂದಿಕೊಂಡುಬಿಡುತ್ತದೆ. ಒಬ್ಬೊಬ್ಬರನ್ನೇ, ಅವರು ನಿಂತಿದ್ದ ಜಾಗದಲ್ಲೇ ನಿಲ್ಲಿಸಿ ಕೇಳಿ: ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ? ಯಾವ ಕಟ್ಟಡದ ಮೇಲಿಂದ? ಎಷ್ಟು ಹೊತ್ತು? ಶಬ್ದ ಬಂತೆ, ಬಂದಿದ್ದರೆ ಬೆಳಕಿನ ಎಷ್ಟು ಹೊತ್ತಿನ ಮೇಲೆ? ಕೈ ಚಾಚಿ ದಿಕ್ಕು ತೋರಿಸಲು ಹೇಳಿ, ಫೋನಿನ ದಿಕ್ಸೂಚಿಯಲ್ಲಿ ಅಂಕಿ ಬರೆದುಕೊಳ್ಳಿ. ‘ಏನು ಅನ್ನಿಸಿತು’ ಎನ್ನುವುದು ಕೊನೆಯ ಪ್ರಶ್ನೆ. ಯಜಮಾನರು ಬೆಳಕು ತೆಂಗಿನ ಮರದ ಹಿಂದೆ, ಸೈಟಿನಲ್ಲೇ ಇಳಿಯಿತು ಎಂದರು. ಮೇಲಿನ ಮಹಡಿಯಲ್ಲಿದ್ದ ಮಗಳು ಅದು ಅಪಾರ್ಟ್‌ಮೆಂಟುಗಳ ಆಚೆ, ಬಲು ದೂರ ಹೋಯಿತು ಎಂದಳು. ಇಬ್ಬರೂ ತಾವು ಕಂಡಿದ್ದನ್ನೇ ಹೇಳಿದ್ದರು.

ಒಂದು ವಿಷಯ ಇಲ್ಲಿ ತಿಳಿದಿರಬೇಕು. ಉಲ್ಕೆಯ ಬೆಳಕು ಸಾಮಾನ್ಯವಾಗಿ ನೆಲದಿಂದ ಇಪ್ಪತ್ತು ಕಿಲೋಮೀಟರಿಗೂ ಎತ್ತರದಲ್ಲೇ ಆರಿಹೋಗುತ್ತದೆ. ಉಳಿದ ಕಲ್ಲು ಆಮೇಲೆ ಕೆಲವು ನಿಮಿಷ ಕತ್ತಲಲ್ಲೇ ಬೀಳುತ್ತದೆ, ಉರಿಯುತ್ತಾ ನೆಲ ಮುಟ್ಟುವುದಿಲ್ಲ. ‘ಇಲ್ಲೇ ಪಕ್ಕದಲ್ಲಿ ಬಿತ್ತು’ ಎಂದು ಕಂಡ ಬೆಳಕು ನೂರಾರು ಕಿಲೋಮೀಟರು ದೂರದ್ದಿರಬಹುದು. ಕತ್ತಲ ಆಕಾಶದಲ್ಲಿ ದೂರ ಅಳೆಯಲು ಯಾರ ಕಣ್ಣಿಗೂ ಆಗದು.

ವಸ್ತುವಿನ ಪುಟದಲ್ಲಿ ಬೇರೆ ಪ್ರಶ್ನೆಗಳು. ಬಿದ್ದ ಜಾಗದಲ್ಲಿ ಗುಂಡಿ ಇತ್ತೆ? ಹುಲ್ಲು ಮುರಿದಿತ್ತೆ? ಸೈಟಿಗೆ ಮಣ್ಣು ಎಲ್ಲಿಂದ ತಂದು ತುಂಬಿದ್ದರು? ಈ ಕೊನೆಯ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳದೆ ಬಿಡಲೇಬಾರದು. ನಮ್ಮ ತಗ್ಗು ಸೈಟುಗಳ ಅರ್ಧ ‘ನೆಲ’ ಲಾರಿಯಲ್ಲಿ ಬಂದದ್ದು. ಅಂದ್ರಹಳ್ಳಿಯ ಆ ಸೈಟಿಗೆ ಬಂದಿದ್ದು ಕಪ್ಪು ಮರಳು. ಫೌಂಡ್ರಿಯವರು ಎರಕ ಹೊಯ್ದು ಹೊರಗೆ ಹಾಕುವ ಮರಳು ಅದೇ ಬಣ್ಣದ್ದು.

ಗಟ್ಟಿಯ ಫೋಟೋವನ್ನು ಆರೂ ಕಡೆಯಿಂದ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ತೂಕ ಬರೆಯಿರಿ: ನಮ್ಮದು 412 ಗ್ರಾಂ. ಕವರಿಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಮಾಲೀಕರ ಸಹಿ ಹಾಕಿಸಿ. ಪ್ರತಿ ಬಾರಿ ತೆಗೆದಾಗಲೂ ದಿನಾಂಕ, ಯಾರು ತೆಗೆದರು, ಏಕೆ ಎಂದು ಬರೆಯುತ್ತಾ ಹೋಗಿ. ಕೊನೆಗೆ ‘ನೀವು ಬದಲಾಯಿಸಿಬಿಟ್ಟಿರಿ’ ಎಂಬ ಮಾತು ಬರಬಾರದು, ಬಂದರೆ ಅದಕ್ಕೆ ಉತ್ತರ ಇರಬೇಕು.

ಹೆಜ್ಜೆ 3: ಆಕಾಶದ ಲೆಕ್ಕ

ಬೆಳಕಿನ ಪುಟವನ್ನು ಮೊದಲು ಮುಗಿಸಿ. ದಿನ ಮತ್ತು ಸಮಯ ಖಚಿತವಾಗಿದ್ದರೆ ಅವತ್ತು ಯಾವ ಉಪಗ್ರಹ, ಯಾವ ರಾಕೆಟ್ ಹಂತ ವಾತಾವರಣಕ್ಕೆ ಮರಳಿತು ಎಂಬುದು ಸಾರ್ವಜನಿಕ ಪಟ್ಟಿಗಳಲ್ಲಿ ಸಿಗುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ ಆಕಾಶ ಬೆಳಗಿ, ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಮತ್ತು ಗೋಳಗಳು ಸಿಕ್ಕಿದ್ದವು. ಆ ಹೊತ್ತಿಗೆ ಮರಳುತ್ತಿದ್ದ ಚೀನಾದ ಲಾಂಗ್ ಮಾರ್ಚ್ ರಾಕೆಟ್ಟಿನ ಹಂತಕ್ಕೆ ಅದು ಹೊಂದಿತು. 2023ರ ಜುಲೈಯಲ್ಲಿ ಆಸ್ಟ್ರೇಲಿಯಾದ ಕಡಲತೀರಕ್ಕೆ ಬಂದ ದೊಡ್ಡ ಉರುಳೆ ನಮ್ಮದೇ ಪಿಎಸ್‌ಎಲ್‌ವಿಯ ಮೂರನೆಯ ಹಂತ ಎಂದು ಪತ್ತೆಯಾಯಿತು. ಇಂಥದ್ದನ್ನು ಗಮನಿಸುವ ಇಸ್ರೊ ಕೇಂದ್ರ ಇರುವುದು ಪೀಣ್ಯದಲ್ಲೇ, 2022ರ ಜುಲೈಯಲ್ಲಿ ಶುರುವಾಯಿತು. ಬಿದ್ದದ್ದು ರಾಕೆಟ್ಟಿನ ಚೂರಾಗಿದ್ದರೆ ಅದು ಸಿಕ್ಕಿದವರದ್ದಲ್ಲ, ಹಾರಿಸಿದ ದೇಶದ್ದು. ಅಂತರರಾಷ್ಟ್ರೀಯ ಒಪ್ಪಂದ ಹಾಗಿದೆ.

ಬಲೂನುಗಳನ್ನೂ ಮರೆಯಬೇಡಿ. ಹವಾಮಾನ ಇಲಾಖೆಗಳು ಪ್ರಪಂಚದಾದ್ಯಂತ ಒಂದೇ ವೇಳೆಗೆ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಮತ್ತು ಸಂಜೆ ಐದೂವರೆಯ ಆಸುಪಾಸು, ಉಪಕರಣ ಕಟ್ಟಿದ ಬಲೂನು ಬಿಡುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಯಂತ್ರ ಹೊತ್ತ ಭಾರೀ ಬಲೂನು ಇಳಿದಾಗ ಊರಿಗೆ ಊರೇ ಗಾಬರಿಬಿದ್ದಿತ್ತು. ಅದು ಟಿಐಎಫ್‌ಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯ ಹೈದರಾಬಾದ್ ಕೇಂದ್ರದ್ದು.

ಶಬ್ದದ ವಿಷಯಕ್ಕೆ ಬೆಂಗಳೂರಿಗರಿಗೆ 2020ರ ಮೇ 20ರ ಮಧ್ಯಾಹ್ನ ನೆನಪಿರುತ್ತದೆ. ಕಿಟಕಿ ಗಾಜು ನಡುಗಿತು. ಭೂಕಂಪವೇ, ಅನ್ಯಗ್ರಹದವರೇ ಎಂದು ಊರೆಲ್ಲ ಕೇಳಿತು. ಸಂಜೆಗೆ ರಕ್ಷಣಾ ಇಲಾಖೆ ಅದು ವಾಯುಪಡೆಯ ವಿಮಾನ ಶಬ್ದದ ವೇಗ ದಾಟಿದ ಪರೀಕ್ಷಾ ಹಾರಾಟ ಎಂದಿತು.

ಯಜಮಾನರ ಹಸಿರು ಬೆಳಕಿಗೆ ನಮಗೆ ಯಾವ ರಾಕೆಟ್ಟೂ ಸಿಗಲಿಲ್ಲ. ಹೆಚ್ಚೂಕಡಿಮೆ ಅದು ನಿಜವಾದ ಉಲ್ಕೆಯೇ ಇರಬೇಕು, ಹಸಿರು ಬೆಳಗುವ ಉಲ್ಕೆಗಳು ಅಪರೂಪವಲ್ಲ. ನೋಟ್‌ಬುಕ್ಕಿನಲ್ಲಿ ‘ಬಹುಶಃ ಉಲ್ಕೆ, ಖಚಿತವಿಲ್ಲ’ ಎಂದೇ ಬರೆದೆವು. ಅವರು ಕಂಡದ್ದನ್ನು ಅಲ್ಲಗಳೆಯುವ ಅಗತ್ಯವೇ ಬರಲಿಲ್ಲ.

ಹೆಜ್ಜೆ 4: ಪರೀಕ್ಷೆಗೆ ಮುಂಚೆ ಬರೆದು ಸಹಿ ಹಾಕಿ

ನನ್ನ ಮಟ್ಟಿಗೆ ಇಡೀ ವಿಧಾನದ ಜೀವ ಇದು. ‘ಯಾವ ಫಲಿತಾಂಶ ಬಂದರೆ ನಾನು ನನ್ನ ಅಭಿಪ್ರಾಯ ಬಿಡುತ್ತೇನೆ’ ಎಂದು ಇಬ್ಬರೂ ಬರೆಯಬೇಕು. ಅದೂ ಮೊದಲೇ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಕಟ್ಟಿದಾಗ ನಮ್ಮೂರಿನಲ್ಲಿ ಎಷ್ಟು ದೊಡ್ಡ ವಾದ ಎದ್ದಿತ್ತು ಎಂಬುದು ಹಿರಿಯರಿಗೆ ಗೊತ್ತು. ನನಗೆ ಆ ಸಮಿತಿಯಲ್ಲಿ ಹಿಡಿಸುವುದು ಇದು: ಪರೀಕ್ಷೆ ಹೇಗೆ ನಡೆಯಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡಿಕೊಂಡು ನೋಡೋಣ ಎಂಬ ಹಟ. ಅದಕ್ಕೂ ಮೊದಲೇ, 1962ರಿಂದ, ಬೆಂಗಳೂರು ಸೈನ್ಸ್ ಫೋರಂ ಮೂಲಕ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನದ ಉಪನ್ಯಾಸಗಳನ್ನು ಜನರ ಬಳಿಗೆ ತಂದವರೂ ಅವರೇ.

ಯಜಮಾನರು ಬರೆದದ್ದು: “ಇದೇ ಥರದ ವಸ್ತು ಭೂಮಿ ಮೇಲೆ ಫ್ಯಾಕ್ಟರಿಯಲ್ಲಿ ತಯಾರಾಗುತ್ತೆ ಅಂತ ಪಕ್ಕದಲ್ಲಿಟ್ಟು ತೋರಿಸಿದರೆ ಒಪ್ಪುತ್ತೇನೆ.” ನಾನು ಬರೆದದ್ದು: “ನಿಕ್ಕಲ್ ಗಣನೀಯವಾಗಿ ಸಿಕ್ಕರೆ, ಇಲ್ಲವೇ ನಾನು ಹೆಸರಿಸಿರುವ ವಸ್ತುವಿಗೆ ಇದು ಹೊಂದದಿದ್ದರೆ, ನನ್ನ ಅನುಮಾನ ತಪ್ಪು.” ನಿಕ್ಕಲ್ ಏಕೆಂದರೆ ಕಬ್ಬಿಣದ ಉಲ್ಕೆಗಳ ಗುರುತು ಅದು. ನಾನು ಅನುಮಾನಿಸಿದ ವಸ್ತುವಿನ ಹೆಸರನ್ನು ಇನ್ನೊಂದು ಲಕೋಟೆಯಲ್ಲಿ ಬರೆದು ಅಂಟಿಸಿ ಅವರ ಕೈಗೇ ಕೊಟ್ಟೆ. ಅನುಮಾನ ಹುಟ್ಟಿದವನು ತನ್ನ ಅನುಮಾನವನ್ನೇ ಹುಡುಕುತ್ತಾ ಹೋಗುತ್ತಾನೆ. ನಂಬುವವರ ಮನಸ್ಸಿಗೆ ಕಾವಲು ಬೇಕಾದಷ್ಟೇ ನಂಬದವನ ಮನಸ್ಸಿಗೂ ಬೇಕು.

ಹೆಜ್ಜೆ 5: ಅಡುಗೆಮನೆಯ ಪರೀಕ್ಷೆಗಳು

ಕಣ್ಣು ಮೊದಲು. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಮಿಲಿಮೀಟರಿಗಿಂತ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ, ಬೆರಳಲ್ಲಿ ಒತ್ತಿದಂಥ ತಗ್ಗುಗಳೂ ಇರಬಹುದು. ಒಳಗೆಲ್ಲ ಗುಳ್ಳೆಗುಳ್ಳೆ ತೂತಿದ್ದರೆ ಅದು ಹೆಚ್ಚಾಗಿ ಕಿಟ್ಟ. ಕರ್ನಾಟಕದಲ್ಲಿ ಕಬ್ಬಿಣ ಕರಗಿಸಿದ ಚರಿತ್ರೆ ಹಳೆಯದು, ಹೊಲಗಳಲ್ಲೂ ಕಿಟ್ಟ ಸಿಗುತ್ತದೆ.

ಉಲ್ಕಾಶಿಲೆ ಇರಬಹುದು ಎನಿಸಿದರೆ ಶಕ್ತಿಯುತ ಅಯಸ್ಕಾಂತ ಅಂಟಿಸಬೇಡಿ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಕಾಂತೀಯ ನೆನಪು ಅದರಲ್ಲಿ ಇರಬಹುದು, ಒಂದು ಸ್ಪರ್ಶಕ್ಕೆ ಅಳಿಸಿಹೋಗುತ್ತದೆ. ಬದಲಿಗೆ ದಿಕ್ಸೂಚಿಯನ್ನು ಹತ್ತಿರ ಹಿಡಿದು ಮುಳ್ಳು ಅಲ್ಲಾಡುತ್ತದೆಯೇ ನೋಡಿ. ನಮ್ಮ ಗಟ್ಟಿಗೆ ಮುಳ್ಳು ಅಲುಗಲಿಲ್ಲ.

ಟೈಲ್ಸಿನ ಒರಟು ಹಿಂಬದಿಗೆ ಉಜ್ಜಿ. ಕೆಂಗಂದು ಗೆರೆ ಬಂದರೆ ಹೆಮಟೈಟ್, ಕಪ್ಪು ಬಂದರೆ ಮ್ಯಾಗ್ನಟೈಟ್, ಎರಡೂ ನಮ್ಮದೇ ಅದಿರು.

ಇನ್ನು ಸಾಂದ್ರತೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಸೊನ್ನೆ ಮಾಡಿ. ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಕದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ವಸ್ತುವಿನ ಗಾತ್ರ ಅಷ್ಟು ಮಿಲಿಲೀಟರ್. ಒಣ ತೂಕವನ್ನು ಅದರಿಂದ ಭಾಗಿಸಿ. ಮೊದಲು ಒಂದು ಕಬ್ಬಿಣದ ಬೋಲ್ಟಿನಲ್ಲಿ ಮಾಡಿ ನೋಡಿ, 7.8ರ ಆಸುಪಾಸು ಬರಬೇಕು. ಬಂದರೆ ನಿಮ್ಮ ಕೈ ಸರಿಯಿದೆ. ಅಲ್ಯೂಮಿನಿಯಂ 2.7, ಟೈಟಾನಿಯಂ 4.5, ತಾಮ್ರ 8.96, ಸೀಸ 11.3. ಲಾಲ್‌ಬಾಗಿನ ಬಂಡೆಯಂಥ ಗ್ರಾನೈಟು, ನೈಸು 2.7ರ ಸುತ್ತಮುತ್ತ. ಕಲ್ಲಿನ ಉಲ್ಕೆಗಳು ಹೆಚ್ಚಾಗಿ 3ರಿಂದ 3.7, ಕಬ್ಬಿಣದ ಉಲ್ಕೆಗಳು 7ರ ಮೇಲೆ.

ನಮ್ಮ ಗಟ್ಟಿ: 412ಕ್ಕೆ 138. ಅಂದರೆ 2.99.

“ನೋಡಿ ಸಾರ್, ಉಲ್ಕೆಗೆ ಸರಿಹೋಯ್ತು!” ಎಂದು ಯಜಮಾನರ ಮುಖ ಅರಳಿತು. “ಯಜಮಾನ್ರೇ, ನಮ್ಮ ಕರಿಕಲ್ಲೂ ಮೂರರ ಹತ್ತಿರವೇ ಬರುತ್ತೆ” ಎಂದೆ. ಒಂದು ಅಂಕಿ ಹೊಂದಿತೆಂದರೆ ಒಂದು ಬಾಗಿಲು ಮುಚ್ಚಲಿಲ್ಲ ಅಷ್ಟೇ. ತೆರೆದುಕೊಂಡ ಬಾಗಿಲು ಇನ್ನೂ ನೂರಿರುತ್ತವೆ. ಆದರೆ ಒಂದು ಮಾತ್ರ ಖಚಿತವಾಯಿತು: ಇದು ಕಬ್ಬಿಣವಲ್ಲ, ಬೆಳ್ಳಿಯಲ್ಲ, ಟೈಟಾನಿಯಂ ಅಲ್ಲ.

ಹೆಜ್ಜೆ 6: ಗುಜರಿಯವರನ್ನು ಕೇಳಿ

ಜಾಲಿ ಮೊಹಲ್ಲಾದ ಹಳೇ ಗುಜರಿ ವ್ಯಾಪಾರಿಗೆ ತೋರಿಸಿ. ದಿನಕ್ಕೆ ನೂರಾರು ಬಗೆಯ ಲೋಹ ಮುಟ್ಟುವ ಕೈ ಅದು. ಅವರು ಗ್ರೈಂಡರಿಗೆ ಹಿಡಿದು ಕಿಡಿಯ ಬಣ್ಣ, ಉದ್ದ ನೋಡಿಯೇ ಉಕ್ಕಿನ ಜಾತಿ ಹೇಳುತ್ತಾರೆ. ಜನ ಹೊತ್ತು ತರುವ ‘ನಿಗೂಢ ಗೋಳ’ಗಳಲ್ಲಿ ಬಾಲ್ ಮಿಲ್ಲಿನ ಗುಂಡು, ದೊಡ್ಡ ಬೇರಿಂಗ್ ಗುಂಡು, ವಾಲ್ವಿನ ಗುಂಡು ಬೇಕಾದಷ್ಟಿವೆ. 1974ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಾನಾಗಿ ಉರುಳುತ್ತದೆ ಎಂದು ಹೆಸರಾದ ಗೋಳವೂ ಪರೀಕ್ಷೆಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಎಂದೇ ತಿಳಿಯಿತು.

ಹೆಜ್ಜೆ 7: ಕ್ಯಾರಟ್ ಮೀಟರ್ ಎಂಬ ಬಲೆ

ಬೆಂಗಳೂರಿನಲ್ಲಿ ಜನ ಮುಂದೆ ಹೋಗುವುದು ನಗರ್ತಪೇಟೆಗೆ. ಚಿನ್ನದ ಶುದ್ಧತೆ ನೋಡುವ ಯಂತ್ರ ಅಲ್ಲಿ ಗಲ್ಲಿಗೊಂದಿದೆ, ಎರಡು ನಿಮಿಷದಲ್ಲಿ ಚೀಟಿ ಕೈಗೆ. ಯಜಮಾನರು ನನಗೆ ಹೇಳದೆಯೇ ಹೋಗಿ ಬಂದಿದ್ದರು. ಚೀಟಿಯಲ್ಲಿ ಕಬ್ಬಿಣ ಶೇಕಡ 97.

ಈಗ ನಿಜವಾಗಿಯೂ ಮೈ ಜುಂ ಎನ್ನುವ ಸಂಗತಿ. ಯಂತ್ರ ಹೇಳುತ್ತದೆ ಕಬ್ಬಿಣ. ದಿಕ್ಸೂಚಿಯ ಮುಳ್ಳು ಅದಕ್ಕೆ ಅಲುಗುವುದಿಲ್ಲ. ಸಾಂದ್ರತೆ ಕಬ್ಬಿಣದ ಅರ್ಧವೂ ಇಲ್ಲ. “ಹಗುರವಾದ ಕಬ್ಬಿಣ ಭೂಮೀಲಿ ಇದೆಯಾ ಸಾರ್?” ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅನ್ಯಲೋಕದ ಲೋಹ ಎಂಬ ಎಷ್ಟೋ ಸುದ್ದಿಗಳು ಹುಟ್ಟುವುದು ಇಂಥ ಒಂದು ಚೀಟಿಯಿಂದಲೇ.

ಯಂತ್ರದ ಒಳಗೆ ಏನಾಗುತ್ತದೆ ನೋಡಿ. ಅದು ವಸ್ತುವಿನ ಮೇಲೆ ಎಕ್ಸ್-ರೇ ಹಾಯಿಸುತ್ತದೆ. ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇಯನ್ನು ಹೊರಕ್ಕೆ ಬಿಡುತ್ತದೆ, ಯಂತ್ರ ಅದನ್ನು ಎಣಿಸುತ್ತದೆ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ ಬಿಡುವ ಕಿರಣ ಜೋರಾಗಿರುತ್ತದೆ. ಸಿಲಿಕಾನ್, ಅಲ್ಯೂಮಿನಿಯಂ, ಮೆಗ್ನೀಷಿಯಂನಂಥ ಹಗುರ ಧಾತುಗಳ ಕಿರಣ ಎಷ್ಟು ದುರ್ಬಲವೆಂದರೆ ನಡುವಿನ ಗಾಳಿಯೇ ಅದನ್ನು ಹೀರಿಬಿಡುತ್ತದೆ. ಚಿನ್ನದಂಗಡಿಯ ಯಂತ್ರಕ್ಕೆ ಅವು ಕಾಣುವುದೇ ಇಲ್ಲ. ಮೇಲಾಗಿ ಅದು ಕಂಡ ಧಾತುಗಳನ್ನಷ್ಟೇ ಕೂಡಿ ನೂರಕ್ಕೆ ಸರಿಹೊಂದಿಸಿ ಮುದ್ರಿಸುತ್ತದೆ. ಗಟ್ಟಿಯಲ್ಲಿ ಕಾಲುಭಾಗ ಮಾತ್ರ ಕಬ್ಬಿಣವಿದ್ದು ಉಳಿದ ಮುಕ್ಕಾಲು ಕಾಣದ ಧಾತುವಾಗಿದ್ದರೂ ಚೀಟಿಯಲ್ಲಿ ‘ಕಬ್ಬಿಣ 97’ ಎಂದೇ ಬರುತ್ತದೆ. ಯಂತ್ರ ಸುಳ್ಳು ಹೇಳಲಿಲ್ಲ, ಅದಕ್ಕೆ ಕೇಳದ ಪ್ರಶ್ನೆಗೆ ನಾವು ಉತ್ತರ ಓದಿದೆವು.

ಆದ್ದರಿಂದ ಯಾವ ಪರೀಕ್ಷೆಯ ಚೀಟಿ ಬಂದರೂ ಮೊದಲು ಕೇಳಬೇಕಾದದ್ದು: ಈ ಯಂತ್ರಕ್ಕೆ ಏನು ಕಾಣುವುದಿಲ್ಲ? ಒಟ್ಟು ನೂರು ಎಂದರೆ ಅಳೆದು ಬಂದ ನೂರೋ, ಹೊಂದಿಸಿದ ನೂರೋ?

ಆ ಚೀಟಿ ಒಂದು ಉಪಕಾರವನ್ನೂ ಮಾಡಿತು. ಅದರಲ್ಲಿ ನಿಕ್ಕಲ್ ಇರಲಿಲ್ಲ. ನಿಕ್ಕಲ್ ಅನ್ನು ಆ ಯಂತ್ರ ಚೆನ್ನಾಗಿ ಕಾಣಬಲ್ಲದು. ಕಬ್ಬಿಣದ ಉಲ್ಕೆಗಳಲ್ಲಿ ಅದು ಸಾಮಾನ್ಯವಾಗಿ ಶೇಕಡ 5ಕ್ಕಿಂತ ಹೆಚ್ಚಿರುತ್ತದೆ.

ಹೆಜ್ಜೆ 8: ಲ್ಯಾಬಿಗೆ ಒಂದಲ್ಲ, ಮೂರು ಚೂರು ಕೊಡಿ

ಪೀಣ್ಯ, ರಾಜಾಜಿನಗರದ ಕಡೆ ಫೌಂಡ್ರಿಗಳಿಗಾಗಿ ಕೆಲಸ ಮಾಡುವ, ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬುಗಳು ಹಲವಿವೆ. ಅಲ್ಲಿ ‘ಸ್ಪೆಕ್ಟ್ರೋ’ ಎನ್ನುವ, ಕಿಡಿಯ ಬೆಳಕಿನಿಂದ ಧಾತು ಅಳೆಯುವ ಪರೀಕ್ಷೆ ಉಕ್ಕು, ಅಲ್ಯೂಮಿನಿಯಂನಂಥ ಗೊತ್ತಿರುವ ಲೋಹಕ್ಕೆ ಸರಿ. ಏನೆಂದೇ ಗೊತ್ತಿಲ್ಲದ ವಸ್ತುವಿಗೆ ‘ಎಸ್‌ಇಎಂ-ಇಡಿಎಸ್’ ಕೇಳಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಈ ಪರೀಕ್ಷೆ ನಿರ್ವಾತದಲ್ಲಿ ನಡೆಯುವುದರಿಂದ ಹಗುರ ಧಾತುಗಳೂ ಕಾಣುತ್ತವೆ, ಒಳಗಿನ ಹರಳುಗಳ ಜೋಡಣೆಯೂ ಕಾಣುತ್ತದೆ. ಬೇಕಾಗುವುದು ಕಡಲೆಬೇಳೆಯಷ್ಟು ಚೂರು. ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಅಷ್ಟನ್ನೂ ಒಡೆಯಬೇಡಿ.

ಕಥೆಯನ್ನು ಲ್ಯಾಬಿನವರಿಗೆ ಹೇಳಬೇಡಿ. ‘ಆಕಾಶದಿಂದ ಬಿದ್ದದ್ದು’ ಎಂದ ಕೂಡಲೇ ಕೆಲವರು ನಕ್ಕು ಕೆಲಸ ಹಗುರ ಮಾಡುತ್ತಾರೆ, ಕೆಲವರು ಉತ್ಸಾಹದಲ್ಲಿ ಇಲ್ಲದ್ದನ್ನು ಕಾಣುತ್ತಾರೆ. ನಾವು ಮೂರು ಪೊಟ್ಟಣ ಮಾಡಿದೆವು: ಒಂದು ಗಟ್ಟಿಯ ಚೂರು, ಒಂದು ಕಿಟ್ಟ, ಒಂದು ನಾನು ಫೌಂಡ್ರಿ ಸಾಮಾನಿನ ಅಂಗಡಿಯಿಂದ ತಂದ ಚೂರು. ಯಾವುದಕ್ಕೆ ಯಾವ ನಂಬರು ಎಂಬುದನ್ನು ಯಜಮಾನರೇ, ನಾನಿಲ್ಲದಾಗ ಬರೆದು ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಲ್ಯಾಬಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ವರದಿಯಲ್ಲಿ ಒಂದು ಮತ್ತು ಮೂರನೆಯ ನಂಬರು ಅವಳಿಗಳ ಹಾಗಿದ್ದವು: ಸಿಲಿಕಾನ್ ಶೇಕಡ 74ರ ಆಸುಪಾಸು, ಕಬ್ಬಿಣ 23, ಅಲ್ಯೂಮಿನಿಯಂ ಒಂದೂವರೆ, ಚೂರು ಕ್ಯಾಲ್ಸಿಯಂ. ಎರಡರಲ್ಲೂ ಸಿಲಿಕಾನ್ ಹರಳುಗಳ ನಡುವೆ ಕಬ್ಬಿಣ-ಸಿಲಿಕಾನ್ ಸಂಯುಕ್ತ, ಒಂದೇ ಥರ ಹೆಣೆದುಕೊಂಡಿತ್ತು. ಯಜಮಾನರು ತಮ್ಮ ಪಟ್ಟಿ ತೆಗೆದು ನೋಡಿದರು. ಒಂದು ಅವರ ಗಟ್ಟಿ, ಮೂರು ನಾನು ತಂದದ್ದು. ಆಮೇಲೆ ನನ್ನ ಲಕೋಟೆ ಒಡೆದು ಜೋರಾಗಿ ಓದಿದರು: “ಫೆರೋಸಿಲಿಕಾನ್.”

ಎರಕದ ಕಬ್ಬಿಣ ಹದವಾಗಲೆಂದು ಫೌಂಡ್ರಿಗಳಲ್ಲಿ ಹಾಕುವ ಸಾಮಾನು ಅದು. ಹೊಳಪು ಸಿಲಿಕಾನಿನದ್ದು, ಹಗುರವೂ ಅದರದ್ದೇ. ಬೆಳ್ಳುಳ್ಳಿ ವಾಸನೆ ಮಾತ್ರ ಕೆಟ್ಟ ಸೂಚನೆ: ಅದರಲ್ಲಿ ಕಲ್ಮಶವಾಗಿರುವ ರಂಜಕದ ಸಂಯುಕ್ತಗಳಿಗೆ ತೇವ ತಾಕಿದರೆ ಫಾಸ್ಫೀನ್ ಎಂಬ ವಿಷಾನಿಲ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ, ನೀರು ತುಂಬಿದ ಕಲಶದ ಪಕ್ಕ ಇಡಬಾರದ ವಸ್ತು.

ಕಬ್ಬಿಣ-ಸಿಲಿಕಾನ್ ಸಂಯುಕ್ತ ಆಕಾಶದಿಂದ ಬಂದದ್ದು ಇಲ್ಲವೇ ಇಲ್ಲ ಎಂದಲ್ಲ. ಒಮಾನಿನಲ್ಲಿ ಸಿಕ್ಕ ಚಂದ್ರನ ಉಲ್ಕಾಶಿಲೆಯೊಂದರಲ್ಲಿ ಹ್ಯಾಪ್ಕೈಟ್ ಎಂಬ ಇಂಥದ್ದೇ ಖನಿಜ ಇದೆ ಎಂದು 2004ರಲ್ಲಿ ವರದಿಯಾಯಿತು. ಆದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ಕಲ್ಲಿನೊಳಗೆ ಹುದುಗಿದ್ದದ್ದು. ಇದನ್ನೂ ಯಜಮಾನರಿಗೆ ಹೇಳಿದೆ. ಮುಚ್ಚಿಟ್ಟು ಗೆದ್ದ ವಾದ ನನಗೆ ಬೇಡ.

ಹೆಜ್ಜೆ 9: ಐಸೊಟೋಪು, ಬೇಕಾದರೆ ಮಾತ್ರ

ಇಷ್ಟಾದರೂ ವಸ್ತು ಏನೆಂದು ತಿಳಿಯದಿದ್ದರೆ ಮುಂದಿನದು ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ ಪ್ರಮಾಣ. ಭೂಮಿಯ ಮೆಗ್ನೀಷಿಯಂನಲ್ಲಿ 24, 25, 26 ಎಂಬ ಮೂರು ಬಗೆ ಸರಿಸುಮಾರು 79, 10, 11ರ ಪಾಲಿನಲ್ಲಿರುತ್ತವೆ. ಬೇರೆ ನಕ್ಷತ್ರದ ಬಳಿ ಹುಟ್ಟಿದ ವಸ್ತುವಿನಲ್ಲಿ ಈ ಪಾಲು ಬೇರೆಯೇ ಇರಬಹುದು. ಕಾರ್ಖಾನೆಯಲ್ಲಿ ಎಷ್ಟು ಶುದ್ಧ ಮಾಡಿದರೂ ಸಾಮಾನ್ಯವಾಗಿ ಅದು ಬದಲಾಗುವುದಿಲ್ಲ. ಅದಕ್ಕೇ ‘ಶುದ್ಧತೆ’ಗಿಂತ ಇದು ಬಲವಾದ ಸಾಕ್ಷಿ. 1957ರಲ್ಲಿ ಬ್ರೆಜಿಲ್‌ನ ಉಬಾತುಬಾದಲ್ಲಿ ಸಿಕ್ಕಿತೆನ್ನಲಾದ ಮೆಗ್ನೀಷಿಯಂ ಚೂರು ಭೂಮಿಯಲ್ಲಿ ಸಾಧ್ಯವೇ ಇಲ್ಲದಷ್ಟು ಶುದ್ಧ ಎಂದು ಸುದ್ದಿಯಾಗಿತ್ತು. 1960ರ ದಶಕದ ಕೊನೆಗೆ ಕೊಲೊರಾಡೊ ವಿಶ್ವವಿದ್ಯಾಲಯದ ಅಧ್ಯಯನ ಅದನ್ನು ಕಾರ್ಖಾನೆಯ ಮೆಗ್ನೀಷಿಯಂ ಜೊತೆ ಹೋಲಿಸಿದಾಗ ಕಾರ್ಖಾನೆಯದ್ದೇ ಹೆಚ್ಚು ಶುದ್ಧವಾಗಿತ್ತು. 1947ರಲ್ಲಿ ಅಪಘಾತಕ್ಕೀಡಾದ ಅನ್ಯಲೋಕದ ವಾಹನದ್ದು ಎನ್ನಲಾದ ಬಿಸ್ಮತ್-ಮೆಗ್ನೀಷಿಯಂ ಪದರಗಳ ಚೂರನ್ನು ಅಮೆರಿಕದ ಓಕ್ ರಿಜ್ ಪ್ರಯೋಗಾಲಯ ಪರೀಕ್ಷಿಸಿತು. 2024ರಲ್ಲಿ ಬಂದ ವರದಿಯ ಪ್ರಕಾರ ಐಸೊಟೋಪುಗಳ ಪಾಲು ಭೂಮಿಯದ್ದೇ.

ಇದು ಸಂಶೋಧನಾ ಸಂಸ್ಥೆಗಳ ಕೆಲಸ. ಹಿಂದಿನ ಎಂಟು ಹೆಜ್ಜೆಗಳ ದಾಖಲೆ ಕೈಯಲ್ಲಿ ಹಿಡಿದು ಹೋದರೆ ಮಾತ್ರ ಅಲ್ಲಿನವರ ಸಮಯ ಕೇಳುವ ಹಕ್ಕು ನಮಗಿರುತ್ತದೆ. ಉಲ್ಕಾಶಿಲೆ ಎಂದು ಬಲವಾಗಿ ಅನ್ನಿಸಿದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ. ಬೇಗ ತಿಳಿಸಿ: ಬಾಹ್ಯಾಕಾಶದ ಕಿರಣಗಳಿಂದ ಹೊಸ ಉಲ್ಕೆಯಲ್ಲಿ ಹುಟ್ಟಿರುವ ಮ್ಯಾಂಗನೀಸ್-54 ಸುಮಾರು 312 ದಿನಕ್ಕೆ ಅರ್ಧವಾಗುತ್ತದೆ.

ಹೆಜ್ಜೆ 10: ದುಡ್ಡಿನ ಮಾತು ಬಂದರೆ ನಿಲ್ಲಿಸಿ

ಗಟ್ಟಿಯ ಸುದ್ದಿ ತಿಳಿದು ಯಜಮಾನರ ಭಾವಮೈದುನನ ಕಡೆಯಿಂದ ಒಬ್ಬ ದಲ್ಲಾಳಿ ಬಂದಿದ್ದ. ನಾಸಾಗೆ ಮಾರಿಸುತ್ತೇನೆ, ಕೋಟಿಗಟ್ಟಲೆ ಬರುತ್ತದೆ, ಮೊದಲು ‘ವಿಜ್ಞಾನಿ’ ಬಂದು ವಿಕಿರಣ ತಡೆಯುವ ಉಡುಪು ಹಾಕಿಕೊಂಡು ಪರೀಕ್ಷೆ ಮಾಡಬೇಕು, ಉಡುಪಿನ ಬಾಡಿಗೆ ನೀವು ಕೊಡಿ ಎಂದಿದ್ದನಂತೆ. ಇದು ನಮ್ಮಲ್ಲಿ ಮನೆಗಳನ್ನೇ ಮುಳುಗಿಸಿದ ರೈಸ್ ಪುಲ್ಲಿಂಗ್ ದಂಧೆಯ ವರಸೆ. ಸಿಡಿಲು ಬಡಿದ ತಾಮ್ರದ ಚೊಂಬು, ಅದರಲ್ಲಿ ಇರಿಡಿಯಂ ಎಂಬ ದುಬಾರಿ ಲೋಹ, ಅದು ಅಕ್ಕಿ ಎಳೆಯುತ್ತದೆ ಎಂಬ ಕಥೆ. ಬೆಂಗಳೂರು ಪೊಲೀಸರು ಇಂಥ ತಂಡಗಳನ್ನು ಮತ್ತೆ ಮತ್ತೆ ಹಿಡಿದಿದ್ದಾರೆ.

ಇರಿಡಿಯಂ ಅಕ್ಕಿಯನ್ನು ಎಳೆಯುವುದಿಲ್ಲ, ಕಬ್ಬಿಣವನ್ನೂ ಎಳೆಯುವುದಿಲ್ಲ. ಸಿಡಿಲು ತಾಮ್ರವನ್ನು ಇರಿಡಿಯಂ ಮಾಡುವುದಿಲ್ಲ. ಅಕ್ಕಿ ಸರಿದರೆ ಅಕ್ಕಿಗೆ ಕಬ್ಬಿಣದ ಪುಡಿ ಸವರಿದೆ, ಚೊಂಬಿನಲ್ಲಿ ಅಯಸ್ಕಾಂತ ಇದೆ ಎಂದರ್ಥ. ನಿಮ್ಮ ಮನೆಯ ಡಬ್ಬಿಯ ಅಕ್ಕಿಯನ್ನೇ ಹಾಕಿ ನೋಡೋಣ ಎನ್ನಿ, ಆಟ ಅಲ್ಲಿಗೇ ನಿಲ್ಲುತ್ತದೆ. ನೀರಿನ ಪರೀಕ್ಷೆಯೂ ಸಾಕು: ಇರಿಡಿಯಂ ಸಾಂದ್ರತೆ 22.5, ತಾಮ್ರದ ಎರಡೂವರೆ ಪಟ್ಟು. ಪರೀಕ್ಷೆಗೆ ಮುಂಗಡ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಆನ್‌ಲೈನಿನಲ್ಲಿ ಕೊಟ್ಟುಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ಸುಮ್ಮನಿರುವ ಒಂದೊಂದು ಗಂಟೆಯೂ ಮೋಸಗಾರನಿಗೆ ಸಿಗುವ ಸಮಯ.

ಹೆಜ್ಜೆ 11: ವರದಿ ಬರೆದು ಕೈಗೆ ಕೊಡಿ

ಎರಡು ಪುಟ ಸಾಕು. ಏನು ಕೇಳಿದೆವು, ಏನು ಅಳೆದೆವು, ಏನು ಸಿಕ್ಕಿತು, ಯಾವುದು ಬಗೆಹರಿಯಲಿಲ್ಲ. ನಮ್ಮ ವರದಿಯ ಕೊನೆಯ ಸಾಲುಗಳು: ‘ಗಟ್ಟಿ ಫೆರೋಸಿಲಿಕಾನ್. ಸೈಟಿಗೆ ತುಂಬಿದ ಫೌಂಡ್ರಿ ಮರಳಿನ ಜೊತೆ ಬಂದಿರುವ ಸಾಧ್ಯತೆ ಹೆಚ್ಚು. ಬೆಳಕಿಗೂ ಇದಕ್ಕೂ ಸಂಬಂಧ ಕಂಡುಬಂದಿಲ್ಲ. ಬೆಳಕು ಬಹುಶಃ ಉಲ್ಕೆ.’ ವಸ್ತುವಿನ ಚೂರೊಂದನ್ನು ಮೊಹರು ಮಾಡಿ ಬೇರೆ ಇಡಿ, ನಾಳೆ ಯಾರಾದರೂ ನಮ್ಮನ್ನು ಪರೀಕ್ಷಿಸಬೇಕೆಂದರೆ ಅದು ಬೇಕು.

ವರದಿಯನ್ನು ಅಂಚೆಯಲ್ಲಿ ಕಳಿಸಬೇಡಿ, ಮನೆಗೇ ಹೋಗಿ ಓದಿ ಹೇಳಿ. ನಾನು ಹೋದಾಗ ಅವರ ಮನೆಯವರು ಕಾಫಿ ಕೊಟ್ಟು, “ಹಾಗಾದ್ರೆ ಆ ಬೆಳಕು ನಿಜಾನೇ ಅಲ್ವಾ?” ಎಂದು ಕೇಳಿದರು. “ನಿಜಾನೇ ಅಮ್ಮ” ಎಂದೆ. ಯಜಮಾನರು ಗಟ್ಟಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡು, ಒಣ ಡಬ್ಬಿಗೆ ಹಾಕಿ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ‘ಫೆರೋಸಿಲಿಕಾನ್, 412 ಗ್ರಾಂ, ನೀರು ತಾಕಿಸಬೇಡಿ’ ಎಂದು ತಾವೇ ಬರೆದು ಶೆಡ್ಡಿನಲ್ಲಿಟ್ಟು ಬಂದರು. ಮಗಳು ಅಷ್ಟರಲ್ಲಿ ತಕ್ಕಡಿ, ದಾರ, ನೀರು ತಂದು ಮನೆಯ ಹಿತ್ತಾಳೆ ಗಂಟೆಯ ಸಾಂದ್ರತೆ ನೋಡುತ್ತಾ ಕೂತಿದ್ದಳು.